ಅಳತೆಯೇ ತಂದ ಅನರ್ಥ

ಕೊಡದ ತುಂಬ ಇರುವ ಬಿಸಿನೀರಿನಲ್ಲಿ ಉಷ್ಣಮಾಪಕವನ್ನು ಅದ್ದಿದರೆ ನೀರಿನ ಉಷ್ಣತೆ ಬದಲಾದುದು ತಿಳಿಯದು. ಒಂದು ಚಮಚ ನೀರಿನಲ್ಲಿ ಅದನ್ನೇ ಅದ್ದಿದರೆ, ಮಾಪಕವು ಹೀರಿಕೊಂಡ ಶಾಖದಿಂದಲೇ ನೀರು ತಣಿಯುವುದು. ಅಳೆಯುವ ಉಪಕರಣವು ಅಳೆಯಲ್ಪಡುವ ವಸ್ತುವನ್ನು ಕದಲಿಸುವುದೆಂಬ ಈ ಸಂಗತಿ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಗಣಕಯಂತ್ರಗಳ ಲೋಕದಲ್ಲಿ ಇಂತಹ ಅಳತೆಯೊಂದು ಯಂತ್ರವನ್ನೇ ಕೆಡವಬಲ್ಲುದಾಗಿತ್ತು. ಅದು ಹೇಗೆಂಬುದನ್ನು ಈಗ ನೋಡೋಣ.

ಇಂಟೆಲ್ ಸಂಸ್ಥೆಯು 1993ರಲ್ಲಿ ಹೊರತಂದ ಪೆಂಟಿಯಂ ಪ್ರೊಸೆಸರಿನೊಳಗೆ ಎಣಿಸುವುದೇ ಕೆಲಸವಾದ 2 ಕೌಂಟರುಗಳಿದ್ದವು. ಎಷ್ಟು ಆದೇಶಗಳು ನಡೆದವು, ಬೇಕಾದ ಅಂಕಿಯು ಹತ್ತಿರದ ಸಣ್ಣ ಸಂಗ್ರಹದಲ್ಲಿ ಸಿಕ್ಕದೆ ದೂರದ ಸ್ಮೃತಿಕೋಶಕ್ಕೆ ಎಷ್ಟು ಬಾರಿ ಹೋಗಬೇಕಾಯಿತು ಎಂಬಂಥವನ್ನು ಇವು ಎಣಿಸುತ್ತವೆ. ಕಾರ್ಯಕ್ರಮವು ಎಲ್ಲಿ ನಿಧಾನವಾಗುವುದೆಂದು ಇದರಿಂದ ತಿಳಿಯುತ್ತದೆ. 2000ದಲ್ಲಿ ಬಂದ ಪೆಂಟಿಯಂ 4ರಲ್ಲಿ ‘ಪೆಬ್ಸ್’ ಎಂಬ ಏರ್ಪಾಡು ಸೇರಿತು. ಎಣಿಕೆಯು ಗೊತ್ತುಮಾಡಿದ ಸಂಖ್ಯೆಯನ್ನು ಮುಟ್ಟಿದಾಗ ಪ್ರೊಸೆಸರೇ ತನ್ನ ಆಗಿನ ಸ್ಥಿತಿಯನ್ನು ಸ್ಮೃತಿಕೋಶದ ಒಂದು ವಿಳಾಸದಲ್ಲಿ ಬರೆದಿಡುತ್ತದೆ.

ಇನ್ನು ವರ್ಚುಯಲ್ ಮೆಷಿನ್ ಎಂದರೇನು? ಕನ್ನಡಿಯ ಹಿಂದೆ ತೋರುವ ಬಿಂಬವನ್ನು ಮಿಥ್ಯಾಬಿಂಬವೆನ್ನುತ್ತೇವಷ್ಟೆ. ಅಂತೆಯೇ ಇದನ್ನು ಮಿಥ್ಯಾಗಣಕವೆನ್ನಬಹುದು. ನಿಜವಾದ ಯಂತ್ರ ಒಂದೇ; ಅದರಲ್ಲಿ ನೆಲಸಿದ ಹಲವು ‘ಅತಿಥಿ’ಗಳು ತಮಗೆ ಸ್ವಂತ ಯಂತ್ರವೇ ಇದೆಯೆಂಬಂತೆ ನಡೆಯುತ್ತವೆ. ಅವನ್ನು ಆಳುವ ‘ಆತಿಥೇಯ’ವು ಪ್ರೊಸೆಸರನ್ನು ಸರದಿಯಂತೆ ಹಂಚುತ್ತದೆ. ಒಂದೇ ಯಂತ್ರದಲ್ಲಿ ಒಬ್ಬರ ವ್ಯಾಪಾರದ ಲೆಕ್ಕವೂ ಇನ್ನೊಬ್ಬರ ಪರೀಕ್ಷಾಫಲಿತಾಂಶವೂ ಇರಬಹುದು. ಆದುದರಿಂದ ಇವುಗಳ ನಡುವಣ ಗೋಡೆ ಭದ್ರವಾಗಿರಬೇಕು.

ತೊಡಕು ಇರುವುದು ವಿಳಾಸದಲ್ಲಿ. ‘ಎರಡನೆಯ ಅಡ್ಡರಸ್ತೆ, 12ನೆಯ ಮನೆ’ ಎಂಬುದು ಮೈಸೂರಿನಲ್ಲಿಯೂ ಇದೆ, ಧಾರವಾಡದಲ್ಲಿಯೂ ಇದೆ. ಆತಿಥೇಯಕ್ಕೂ ಪ್ರತಿಯೊಂದು ಅತಿಥಿಗೂ ವಿಳಾಸಗಳನ್ನು ಅರ್ಥೈಸುವ ಬೇರೆ ಬೇರೆ ಕೋಷ್ಟಕಗಳಿವೆ. ಆತಿಥೇಯವು ತನಗಾಗಿ ಪೆಬ್ಸ್ ಅಳತೆ ನಡೆಸುತ್ತಿದೆಯೆನ್ನೋಣ. ಎಣಿಕೆ ಮುಗಿಯುವುದಕ್ಕೂ ಪ್ರೊಸೆಸರು ಅತಿಥಿಯ ವಶಕ್ಕೆ ಹೋಗುವುದಕ್ಕೂ ಸರಿಹೋಯಿತು. ಕೌಂಟರನ್ನು ನಿಲ್ಲಿಸಿದ್ದರೂ ಆಗಲೇ ಹೊರಟಿದ್ದ ಬರಹ ನಿಲ್ಲಲಿಲ್ಲ. ವಿಳಾಸ ಅದೇ, ಊರು ಮಾತ್ರ ಬೇರೆ! ಆ ಜಾಗದಲ್ಲಿ ಅತಿಥಿಯ ದತ್ತಾಂಶವಿದ್ದರೆ ಅದು ಅಳಿಸಿಹೋಗುವುದು. ಅಂತಹ ಜಾಗವೇ ಇಲ್ಲದಿದ್ದರೆ, ತಾನು ಮಾಡದ ತಪ್ಪಿಗೆ ಅತಿಥಿಯು ಕುಸಿದುಬೀಳುವುದು.

ಇಂತಹ ದೋಷವನ್ನು ಹಿಡಿಯುವುದು ಸುಲಭವಲ್ಲ. ಕುಸಿತವು ಒಮ್ಮೆ ಒಂದು ಕಡೆ, ಮತ್ತೊಮ್ಮೆ ಇನ್ನೊಂದು ಕಡೆ ತೋರುತ್ತದೆ. ಅತಿಥಿಯ ಕಾರ್ಯಕ್ರಮವನ್ನು ಎಷ್ಟು ಶೋಧಿಸಿದರೂ ತಪ್ಪು ಸಿಕ್ಕದು, ಏಕೆಂದರೆ ತಪ್ಪು ಅಲ್ಲಿಲ್ಲ. ಇಲ್ಲಿ ನೆರವಿಗೆ ಬರುವುದು ಪ್ರಯೋಗಶಾಲೆಯ ಹಳೆಯ ನಿಯಮವೇ: ಉಳಿದುದೆಲ್ಲವನ್ನೂ ಹಾಗೆಯೇ ಇರಿಸಿ ಒಂದನ್ನು ಮಾತ್ರ ಬದಲಿಸಬೇಕು. ಆತಿಥೇಯದ ಅಳತೆಯನ್ನು ಪೂರ್ತಿಯಾಗಿ ನಿಲ್ಲಿಸಿ ನೋಡಬೇಕು. ಬಳಿಕ ಬರಿಯ ಎಣಿಕೆಯನ್ನಷ್ಟೇ ನಡೆಸಬೇಕು. ಕೊನೆಗೆ ಪೆಬ್ಸ್ ಸಹಿತ ನಡೆಸಬೇಕು. ಮೂರನೆಯ ಬಾರಿ ಮಾತ್ರ ಅತಿಥಿ ಕುಸಿದರೆ, ಸಂಶಯವು ಎಣಿಕೆಯಿಂದ ಬರಹದ ಕಡೆಗೆ ತಿರುಗುತ್ತದೆ.

ಲಿನಕ್ಸ್ ವ್ಯವಸ್ಥೆಯಲ್ಲಿ ಇದಕ್ಕೆ 2012ರಲ್ಲಿ ಪರಿಹಾರ ಸೇರಿತು. ಅತಿಥಿಯೊಳಗೆ ಕಾಲಿಡುವ ಮುನ್ನ ಕೌಂಟರನ್ನು ನಿಲ್ಲಿಸಿದರೆ ಸಾಲದು. ಪೆಬ್ಸ್ ಏರ್ಪಾಡನ್ನೇ ಆರಿಸಬೇಕು, ಹಿಂದಿರುಗಿದ ಮೇಲೆ ಮತ್ತೆ ಹಚ್ಚಬೇಕು. ಇಷ್ಟೇ ತಿದ್ದುಪಡಿ.

ಉಪಕರಣವನ್ನು ಕೈಗೆತ್ತಿಕೊಂಡಾಗ ಅದು ಎಷ್ಟು ನಿಖರವೆಂದು ನಾವೆಲ್ಲರೂ ಕೇಳುತ್ತೇವೆ. ಅಳೆದುದನ್ನು ಅದು ಎಲ್ಲಿ ಬರೆಯುತ್ತದೆ, ಆ ಜಾಗ ಯಾರದು ಎಂಬ ಪ್ರಶ್ನೆಯನ್ನೂ ಕೇಳುವುದು ಅಷ್ಟೇ ಅವಶ್ಯಕ.