ಹದಿನೈದು ಗ್ರಾಂನ ಜಾಡು

ಮಂಗಳೂರಿನ ಪಂಪ್‌ವೆಲ್ ವೃತ್ತವನ್ನು ಬಲ್ಲವರಿಗೆ ಅಲ್ಲಿಯ ಗದ್ದಲವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ವರ್ಷಾನುಗಟ್ಟಲೆ ಕಟ್ಟಿದರೂ ಮುಗಿಯದೆ ಊರಿಗೆಲ್ಲ ನಗೆಯ ವಸ್ತುವಾಗಿ, ಕಡೆಗೂ 2020ರಲ್ಲಿ ಸಂಚಾರಕ್ಕೆ ತೆರೆದುಕೊಂಡ ಮೇಲ್ಸೇತುವೆ ಅಲ್ಲಿಯದು. ಕಾಸರಗೋಡಿನ ಕಡೆಯಿಂದ ಬಂದವರೂ ಉಡುಪಿಯ ಕಡೆಗೆ ಹೊರಟವರೂ ಅದರ ಆಸುಪಾಸಿನಲ್ಲಿಯೇ ಹಾದು ಹೋಗಬೇಕು. ಅಂಥ ಜನಸಂದಣಿಯ ಸ್ಥಳದ ಸಮೀಪ, 2024ರ ಉತ್ತರಾರ್ಧದಲ್ಲಿ, ನಗರದ ಸಿಸಿಬಿ ಪೊಲೀಸರು ಒಬ್ಬನನ್ನು ಬಂಧಿಸಿದರು. ಅವನಲ್ಲಿ ದೊರೆತದ್ದು ಹದಿನೈದು ಗ್ರಾಂ ಎಂಡಿಎಂಎ ಎಂಬ ಮಾದಕ ಪದಾರ್ಥ. ತೂಕದಲ್ಲಿ ಮೂರು ಚಮಚ ಸಕ್ಕರೆಯಷ್ಟಾದೀತು.

ಕಾನೂನಿನ ದೃಷ್ಟಿಯಲ್ಲಿ ಇದು ಸಣ್ಣ ತೂಕವೇನೂ ಅಲ್ಲ. 1985ರ ಮಾದಕ ದ್ರವ್ಯಗಳ ಕಾಯಿದೆಯ ಪ್ರಕಾರ ಎಂಡಿಎಂಎ ಹತ್ತು ಗ್ರಾಂ ಮೀರಿದರೇ ಅದು ವ್ಯಾಪಾರದ ಪ್ರಮಾಣವೆನಿಸುತ್ತದೆ. ಅಪರಾಧ ಸಿದ್ಧವಾದರೆ ಕನಿಷ್ಠ ಹತ್ತು ವರ್ಷಗಳ ಕಠಿಣ ಶಿಕ್ಷೆ. ಆರೋಪಿ ಸಿಕ್ಕಿದ್ದಾನೆ, ಮಾಲು ಸಿಕ್ಕಿದೆ. ಪಂಚನಾಮೆ ಬರೆದು, ದೋಷಾರೋಪ ಪಟ್ಟಿ ಸಲ್ಲಿಸಿ, ತಿಂಗಳ ಲೆಕ್ಕದಲ್ಲಿ ಒಂದು ಪ್ರಕರಣವನ್ನು ಕೂಡಿಸಿಕೊಂಡು ಕಡತವನ್ನು ಬದಿಗಿಟ್ಟಿದ್ದರೆ ಆಕ್ಷೇಪಿಸುವವರು ಯಾರೂ ಇರಲಿಲ್ಲ.

ಆದರೆ ಈ ಕಡತ ಬದಿಗೆ ಸರಿಯಲಿಲ್ಲ. ಇವನಿಗೆ ಇದನ್ನು ಕೊಟ್ಟವರು ಯಾರು ಎಂಬ ಪ್ರಶ್ನೆಯ ಬೆನ್ನು ಹತ್ತಿ ಪೊಲೀಸರು ಬೆಂಗಳೂರಿಗೆ ಹೋದರು. ಅಲ್ಲಿ ನೈಜೀರಿಯದ ಪ್ರಜೆಯೊಬ್ಬನ ಬಳಿ ಆರು ಕಿಲೋಗ್ರಾಂಗೂ ಮಿಕ್ಕಿ ಅದೇ ಪದಾರ್ಥ ಸಿಕ್ಕಿತು. ಅವನಿಗೆ ಕೊಟ್ಟವರು ಯಾರು? ಮತ್ತೆ ಅದೇ ಪ್ರಶ್ನೆ. ತಿಂಗಳುಗಳು ಕಳೆದುವು. ವಿಮಾನಯಾನದ ವಿವರಗಳನ್ನು ಒಂದೊಂದಾಗಿ ಹೊಂದಿಸಿ ನೋಡಿದಾಗ, ಒಂದು ವರ್ಷದಲ್ಲಿ ಮುಂಬಯಿಗೆ ಮೂವತ್ತೇಳು ಸಲ, ಬೆಂಗಳೂರಿಗೆ ಇಪ್ಪತ್ತೆರಡು ಸಲ ಪ್ರಯಾಣ ಮಾಡಿದ ಜಾಡೊಂದು ಕಾಣಿಸಿತು. 2025ರ ಮಾರ್ಚ್ 14ರಂದು, ದೆಹಲಿಯಿಂದ ವಿಮಾನದಲ್ಲಿ ಬಂದಿಳಿದ ದಕ್ಷಿಣ ಆಫ್ರಿಕದ ಇಬ್ಬರು ಮಹಿಳೆಯರನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ನೀಲಾದ್ರಿನಗರದಲ್ಲಿ ತಡೆದು ಅವರ ಚಕ್ರದ ಪೆಟ್ಟಿಗೆಗಳನ್ನು ತೆರೆಸಿದಾಗ ಹೊರಬಂದದ್ದು 37.87 ಕಿಲೋಗ್ರಾಂ. ಪೊಲೀಸರು ಕಟ್ಟಿದ ಬೆಲೆ 75 ಕೋಟಿ ರೂಪಾಯಿ. ಎರಡು ದಿನಗಳ ತರುವಾಯ ಅಂದಿನ ಪೊಲೀಸ್ ಆಯುಕ್ತ ಅನುಪಮ್ ಅಗರವಾಲ್ ಅವರು ಈ ಸಂಗತಿಯನ್ನು ಮಂಗಳೂರಿನಲ್ಲಿ ಪ್ರಕಟಿಸಿದರು. ಪಂಪ್‌ವೆಲ್‌ನ ಹದಿನೈದು ಗ್ರಾಂಗೆ ಇದು ಸುಮಾರು ಎರಡೂವರೆ ಸಾವಿರ ಪಟ್ಟು!

ಮಂಗಳೂರಿನ ಪೊಲೀಸರಿಗೆ ಬೆಂಗಳೂರಿನಲ್ಲೇನು ಕೆಲಸ ಎಂದು ಓದುಗರಿಗೆ ಅನಿಸಬಹುದು. ಮಾಹಿತಿ ಆಧಾರಿತ ಪೊಲೀಸ್ ಪದ್ಧತಿ ಎಂದು ಈಗ ಹೆಸರು ಪಡೆದಿರುವ ವಿಧಾನದ ತಿರುಳು ಇರುವುದು ಆ ಪ್ರಶ್ನೆಯಲ್ಲಿಯೇ. ಬೇಹುಗಾರಿಕೆ ಎಂದೊಡನೆ ಮಾರುವೇಷ, ಕತ್ತಲ ಗಲ್ಲಿ, ಪತ್ತೇದಾರಿ ಕಾದಂಬರಿಯ ಪುಟಗಳು ಕಣ್ಣಮುಂದೆ ಬರುವುದು ಸಹಜ. ವಾಸ್ತವವಾಗಿ ಇದು ಹೆಚ್ಚಿನಂಶ ಮೇಜಿನ ಮುಂದಿನ ಕೆಲಸ. ಸಿಬ್ಬಂದಿ ಕಡಿಮೆ, ದೂರುಗಳು ಅಪಾರ. ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಕಾಯಿಸಬೇಕು ಎಂಬುದನ್ನು ಅಂದಿನ ಗದ್ದಲ ನಿರ್ಣಯಿಸದೆ, ಕೂಡಿಟ್ಟು ಪರೀಕ್ಷಿಸಿದ ಮಾಹಿತಿ ನಿರ್ಣಯಿಸಬೇಕು ಎಂಬುದೇ ಇದರ ಮೂಲಸೂತ್ರ.

ಇದು ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು 1990ರ ದಶಕದಲ್ಲಿ. ಕೆಂಟ್ ಪ್ರಾಂತದಲ್ಲಿ ಕನ್ನಗಳವು, ವಾಹನ ಕಳವು ಹೆಚ್ಚಿ, ಪ್ರತಿಯೊಂದು ಕರೆಗೂ ಓಡಿ ಪೊಲೀಸರು ಸೋತಿದ್ದರು. ಕಳವುಗಳ ಬಹುಭಾಗ ಕೆಲವೇ ಮಂದಿಯ ಕೈಕೆಲಸವೆಂಬುದನ್ನು ಮನಗಂಡು, ಕರೆಗಳಿಗೆ ತರತಮ ಗೊತ್ತುಪಡಿಸಿ, ಉಳಿದ ಬಲವನ್ನು ಆ ಕೆಲವರ ಮೇಲೆ ಹೂಡಿದರು. 1993ರಲ್ಲಿ ಅಲ್ಲಿಯ ಲೆಕ್ಕಪರಿಶೋಧನಾ ಆಯೋಗವೂ ಇದೇ ಸಲಹೆಯನ್ನಿತ್ತಿತು. 2000ದಲ್ಲಿ ದೇಶಕ್ಕೆಲ್ಲ ಒಂದೇ ಮಾದರಿ ಸಿದ್ಧವಾಯಿತು. ಅದರಲ್ಲಿ ಮೂರು ಮೆಟ್ಟಿಲುಗಳು: ಠಾಣೆಯ ಸರಹದ್ದಿನ ಅಪರಾಧ, ಸರಹದ್ದುಗಳನ್ನು ದಾಟಿದ ಅಪರಾಧ, ರಾಷ್ಟ್ರಮಟ್ಟದ್ದು. ಪಂಪ್‌ವೆಲ್, ಬೆಂಗಳೂರು, ದೆಹಲಿ ಎಂದು ಓದಿಕೊಂಡರೆ ನಮ್ಮವರಿಗೆ ಸುಲಭವಾಗಿ ಅರ್ಥವಾದೀತು.

ನಮ್ಮಲ್ಲಿಯೂ ಮಾದಕ ದ್ರವ್ಯದ ವಿಷಯದಲ್ಲಿ 'ಎನ್‌ಕಾರ್ಡ್' ಎಂಬ ಸಮನ್ವಯ ವ್ಯವಸ್ಥೆ 2016ರಲ್ಲಿ ಹುಟ್ಟಿ, 2019ರಲ್ಲಿ ನಾಲ್ಕು ಹಂತಗಳದಾಯಿತು. ದೆಹಲಿಯ ಉನ್ನತ ಸಮಿತಿಯಿಂದ ತೊಡಗಿ ಜಿಲ್ಲಾಧಿಕಾರಿಗಳ ಸಭೆಯವರೆಗೆ ಅದು ಇಳಿದು ಬರುತ್ತದೆ. ಸಭೆಗಳು ನಡೆಯುತ್ತವೆ, ನಡಾವಳಿಗಳು ಬರೆಯಲ್ಪಡುತ್ತವೆ. ಫಲ ಕಾಣುವುದು ಮಾತ್ರ ಕೆಳಗಿನ ಸುಳಿವು ಮೇಲಕ್ಕೆ ಏರಿದಾಗ.

ಮಂಗಳೂರಿನ ಗೃಹಸ್ಥರಿಗೆ ಇದು ದೂರದ ವಿಚಾರವಲ್ಲ. 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಆರಂಭವಾದಂದಿನಿಂದ ಇದು ವಿದ್ಯೆಯ ಊರು. ಮಗನನ್ನೋ ಮಗಳನ್ನೋ ಇಲ್ಲಿ ವಸತಿನಿಲಯದಲ್ಲಿ ಬಿಟ್ಟು ಹೋದ ಪೋಷಕರು ನಾಡಿನ ಮೂಲೆಮೂಲೆಗಳಲ್ಲಿದ್ದಾರೆ. 2023ರ ಜನವರಿಯಲ್ಲಿ ವೈದ್ಯರೂ ವೈದ್ಯಕೀಯ ವಿದ್ಯಾರ್ಥಿಗಳೂ ಗಾಂಜಾ ಪ್ರಕರಣದಲ್ಲಿ ಬಂಧಿತರಾದಾಗ ಆ ಮನೆಗಳಲ್ಲಿ ಎಷ್ಟು ರಾತ್ರಿ ನಿದ್ದೆ ಕೆಟ್ಟಿತೋ! ಸೇವಿಸಿದ ಹುಡುಗರನ್ನು ಹಿಡಿಯುವುದು ಸುಲಭ. ಪ್ರಕರಣಗಳ ಸಂಖ್ಯೆಯೂ ಚೆನ್ನಾಗಿ ಬೆಳೆಯುತ್ತದೆ. ಆದರೆ ಒಬ್ಬ ಹುಡುಗನ ಭವಿಷ್ಯ ಮಸಿಯಾದ ಮಾತ್ರಕ್ಕೆ ಸರಕಿನ ಪೆಟ್ಟಿಗೆ ದೆಹಲಿಯಿಂದ ಹೊರಡುವುದು ನಿಲ್ಲಲಾರದು.

ಆದ್ಯತೆ ಬದಲಾಗುವುದನ್ನೂ ಕರಾವಳಿ ಅದೇ ವರ್ಷ ಕಂಡಿತು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಮುಖ್ಯಮಂತ್ರಿಗಳ ಮುಂದೆ ಶರಣಾದ ಮೇಲೆ ಮಲೆನಾಡಿನ ಕಾಡುಗಳಲ್ಲಿ ನಕ್ಸಲ್ ನಿಗ್ರಹ ದಳಕ್ಕೆ ಮೊದಲಿನಷ್ಟು ಕೆಲಸ ಉಳಿಯಲಿಲ್ಲ. ಅತ್ತ ಏಪ್ರಿಲ್ 27ರಿಂದ ಮೇ 27ರವರೆಗಿನ ಒಂದೇ ತಿಂಗಳಲ್ಲಿ ಕುಡುಪು, ಬಜ್ಪೆ, ಬಂಟ್ವಾಳದ ಕೊಳತ್ತಮಜಲು, ಹೀಗೆ ಮೂರು ಕಡೆ ಕೊಲೆಗಳಾಗಿ ಜಿಲ್ಲೆ ತಲ್ಲಣಿಸಿತು. ಮೊದಲೆರಡು ಸ್ಥಳಗಳು ನಗರ ಆಯುಕ್ತರ ವ್ಯಾಪ್ತಿ, ಮೂರನೆಯದು ಜಿಲ್ಲಾ ವರಿಷ್ಠಾಧಿಕಾರಿಗಳದು. ದ್ವೇಷ ಇಂಥ ಗಡಿಕಲ್ಲುಗಳನ್ನು ನೋಡಿ ನಡೆಯುವುದಿಲ್ಲ. ಸರಕಾರ ನಕ್ಸಲ್ ನಿಗ್ರಹ ದಳದಿಂದ 248 ಮಂದಿಯನ್ನು ತೆಗೆದು, ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ವಿಶೇಷ ಕಾರ್ಯಪಡೆಯನ್ನು ರಚಿಸಿತು. ಜೂನ್ 13ರಂದು ಗೃಹ ಸಚಿವ ಜಿ. ಪರಮೇಶ್ವರ ಅವರು ಮಂಗಳೂರಿನಲ್ಲಿ ಅದನ್ನು ಉದ್ಘಾಟಿಸಿದರು. ಮತೀಯ ದ್ವೇಷದ ಸುಳಿವುಗಳನ್ನು ಮುಂಚಿತವಾಗಿ ಸಂಗ್ರಹಿಸುವುದು ಅದರ ಕರ್ತವ್ಯಗಳಲ್ಲೊಂದು. ಕಾಡಿನ ಹಾದಿಯಲ್ಲಿ ಹೆಜ್ಜೆ ಗುರುತು ಹುಡುಕಿದ ಕಣ್ಣುಗಳು ಇನ್ನು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ಓದಲು ಕಲಿಯಬೇಕು.

ಮಾಹಿತಿ ಸಂಗ್ರಹಕ್ಕೆ ಇನ್ನೊಂದು ಮುಖವೂ ಉಂಟು. ಕೃತ್ಯವನ್ನು ಬಿಟ್ಟು ಕುಲವನ್ನು ಗುರುತಿಸಿದರೆ ಏನಾದೀತೆಂಬುದಕ್ಕೆ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯೇ ಸಾಕ್ಷಿ. ದಕ್ಷಿಣ ಕನ್ನಡ ಅಂದು ಸೇರಿದ್ದ ಮದರಾಸು ಪ್ರಾಂತಕ್ಕೂ ಅದು 1911ರಲ್ಲಿ ವಿಸ್ತರಿಸಿ, ಕೊರವರೇ ಮೊದಲಾದವರ ಮಕ್ಕಳು ಹುಟ್ಟುವಾಗಲೇ ಶಂಕಿತರಾದರು. 1952ರಲ್ಲಿ ಕಾಯಿದೆ ರದ್ದಾದರೂ ಶಂಕೆ ತೊಲಗಲು ಮತ್ತೆಷ್ಟೋ ಕಾಲ ಹಿಡಿಯಿತು. ನೀಲಾದ್ರಿನಗರದ ಪೆಟ್ಟಿಗೆಗಳನ್ನು ತೆರೆಸಿದ್ದು ಒಯ್ದವರ ಬಣ್ಣವಲ್ಲ, ದೇಶವಲ್ಲ. ಐವತ್ತೊಂಬತ್ತು ಪ್ರಯಾಣಗಳ ಲೆಕ್ಕ. ಬಾಡಿಗೆ ಮನೆ ಕೇಳಿ ಬರುವ ಪರದೇಶಿ ವಿದ್ಯಾರ್ಥಿಯನ್ನು ಬಾಗಿಲಲ್ಲೇ ತಿರುಗಿಸಿ ಕಳುಹಿಸುವವರು ಈ ಅಂತರವನ್ನು ಗಮನಿಸುವುದು ಲೇಸು.

ಇಷ್ಟೆಲ್ಲಕ್ಕೂ ಮೊದಲ ಸುಳಿವು ಬರಬೇಕಾದದ್ದು ಜನರಿಂದ. ವಸತಿನಿಲಯದ ಕಾವಲುಗಾರ, ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟ ಮನೆಯೊಡತಿ, ರಾತ್ರಿಯ ಸವಾರಿ ಹೊಡೆಯುವ ರಿಕ್ಷಾ ಚಾಲಕ, ಇವರ ಕಣ್ಣಿಗೆ ಬೀಳುವುದು ಆಯುಕ್ತರ ಕಣ್ಣಿಗೆ ಬೀಳದು. ಠಾಣೆಯ ಮೆಟ್ಟಿಲು ಹತ್ತಲು ಅಂಜುವವರಿಗೆಂದೇ ಕೇಂದ್ರ ಸರಕಾರ 2024ರ ಜುಲೈಯಲ್ಲಿ 'ಮಾನಸ್' ಸಹಾಯವಾಣಿಯನ್ನು ತೆರೆದಿದೆ. ಸಂಖ್ಯೆ 1933. ಹಗಲಿರುಳೂ ಕರೆ ಮಾಡಬಹುದು, ಹೆಸರು ಹೇಳಬೇಕಾದುದಿಲ್ಲ.