ಕಾರಿನ ಇಕ್ಕಟ್ಟಿನ ಜಾಗಗಳಿಗೆ ಎಂಥ ಪಾಲಿಷರ್?

ಕಡಲ ಉಪ್ಪುಗಾಳಿ, ಸುಡುಬಿಸಿಲು, ಕೊಳವೆಬಾವಿಯ ಗಡಸು ನೀರು: ಚೆನ್ನೈಯಲ್ಲಿ ಕಾರಿನ ಹೊಳಪು ಮಾಸಲು ಇವಿಷ್ಟು ಸಾಕು. ಬಾನೆಟ್ಟು, ಬಾಗಿಲುಗಳಿಗೆ ಐದಾರು ಅಂಗುಲದ ಪ್ಯಾಡುಳ್ಳ ಪಾಲಿಷರ್ ಸರಿಯೇ. ಆದರೆ ಕನ್ನಡಿಯ ಬುಡ, ಬಾಗಿಲ ಹಿಡಿಯ ಹಿಂದಿನ ಕುಳಿ, ಬಂಪರಿನ ತಿರುವುಗಳಿಗೆ 1ರಿಂದ 3 ಅಂಗುಲದ ಪ್ಯಾಡುಳ್ಳ ಕಿರುಯಂತ್ರವೇ ಬೇಕು.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ರೋಟರಿ ಯಂತ್ರವು ಒಂದೇ ಅಕ್ಷದ ಮೇಲೆ ಸುತ್ತುತ್ತದೆ. ಗೀರುಗಳನ್ನು ಬೇಗ ಅಳಿಸುತ್ತದೆ, ಅಷ್ಟೇ ಬೇಗ ಶಾಖವನ್ನೂ ಏರಿಸುತ್ತದೆ. ಡ್ಯುಯಲ್ ಆಕ್ಷನ್ ಯಂತ್ರವು ಸುತ್ತುತ್ತಲೇ ಓಲಾಡುವುದರಿಂದ ಶಾಖವು ಒಂದೆಡೆ ಸುಲಭವಾಗಿ ಕೂಡದು. ಬಣ್ಣವನ್ನು ಕಾಯುವ ಪಾರದರ್ಶಕ ಲೇಪದ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್ ಮಾತ್ರ. ಅಂಚುಗಳಲ್ಲಿ ಅದು ಇನ್ನೂ ತೆಳು. ಅದು ಸವೆದುಹೋದರೆ ಆ ಭಾಗಕ್ಕೆ ಮತ್ತೆ ಬಣ್ಣ ಹೊಡೆಸದೆ ಗತ್ಯಂತರವಿಲ್ಲ. ಪ್ಲಾಸ್ಟಿಕ್ ಬಂಪರು ಲೋಹದಂತೆ ಶಾಖವನ್ನು ಹರಡಿ ಕಳೆಯದಾದ್ದರಿಂದ ಅಲ್ಲಿ ಅಪಾಯ ಹೆಚ್ಚು.

ಆದುದರಿಂದ ಮನೆಯಲ್ಲಿ ತಾವೇ ಪಾಲಿಷ್ ಮಾಡುವವರಿಗೆ ಡ್ಯುಯಲ್ ಆಕ್ಷನ್ ಕ್ಷೇಮಕರ. ಓಲಾಟದ ಅಳತೆ 3 ಮಿಲಿಮೀಟರಿನಷ್ಟಿದ್ದರೆ ಸಂದುಗಳಲ್ಲಿ ಹಿಡಿತ ಸುಲಭ. 12 ಮಿಲಿಮೀಟರಿನದು ಕೊಂಚ ಅಗಲವಾದ ಜಾಗಕ್ಕೆ ಹೊಂದುತ್ತದೆ. ವೇಗ ತಗ್ಗಿಸುವ ಸೌಲಭ್ಯವಿದೆಯೇ, ಬದಲಿ ಪ್ಯಾಡುಗಳು ದೊರೆಯುತ್ತವೆಯೇ ಎಂಬುದನ್ನು ಕೊಳ್ಳುವ ಮುನ್ನವೇ ವಿಚಾರಿಸಿರಿ. ವಸತಿ ಸಮುಚ್ಚಯದ ಪಾರ್ಕಿಂಗಿನಲ್ಲಿ ಪ್ಲಗ್ ಇಲ್ಲದವರಿಗೆ ಬ್ಯಾಟರಿಯದು ಅನುಕೂಲ. ಯಂತ್ರ ಯಾವುದೇ ಇರಲಿ, ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನೆರಳಿನಲ್ಲಿ, ಕಾರಿನ ಮೈ ತಣ್ಣಗಾದ ಮೇಲೆಯೇ ಕೆಲಸಕ್ಕೆ ತೊಡಗುವುದು ಒಳಿತು.