ಡೆಲ್ಫಿನಿಯಂ: ಯಾವ ತಳಿ ಎಲ್ಲಿಗೆ?

ಇಂಗ್ಲೆಂಡಿನ ತೋಟಗಳ ಚಿತ್ರಗಳಲ್ಲಿ ಆಳೆತ್ತರದ ನೀಲಿ ಹೂಗೊಂಚಲುಗಳನ್ನು ನೀವು ನೋಡಿರಬಹುದು. ಅವೇ ಡೆಲ್ಫಿನಿಯಂ. ಅಲ್ಲಿ ತೋಟದ ನಕ್ಷೆ ಹಾಕುವವರು ಬಣ್ಣಕ್ಕೆ ಮರುಳಾಗುವ ಮೊದಲು ಎರಡು ಪ್ರಶ್ನೆ ಕೇಳಬೇಕು: ಗಿಡ ಎಷ್ಟು ಎತ್ತರ? ಎಷ್ಟು ವರ್ಷ ಬಾಳುತ್ತದೆ?

ಇಲೇಟಂ ಗುಂಪಿನ ತಳಿಗಳು 1.5ರಿಂದ 2 ಮೀಟರ್ ಬೆಳೆಯುತ್ತವೆ. ಇವುಗಳ ಜಾಗ ಪಾತಿಯ ಹಿಂಬದಿ. ಕಾಂಡ ಟೊಳ್ಳಾದ್ದರಿಂದ ಕೋಲು ನೆಟ್ಟು ಕಟ್ಟದಿದ್ದರೆ ಒಂದೇ ಗಾಳಿಮಳೆಗೆ ನೆಲಕಚ್ಚುತ್ತವೆ. ಆದರೆ ಹಲವು ವರ್ಷ ಬಾಳುತ್ತವೆ. ವಸಂತದಲ್ಲಿ ಬುಡದ ಚಿಗುರನ್ನು ಕತ್ತರಿಸಿ ನೆಟ್ಟರೆ ತಾಯಿಗಿಡದ ಬಣ್ಣವೇ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ರೈನೆಲ್ಟ್ ರೂಪಿಸಿದ ಪೆಸಿಫಿಕ್ ಜೈಂಟ್ಸ್ ನೋಟಕ್ಕೆ ಹಾಗೆಯೇ. ಬೀಜದಿಂದ ಸುಲಭವಾಗಿ ಬೆಳೆಯುತ್ತವೆ, ಬೇಗ ಮುಗಿಯುತ್ತವೆ. ಅಗ್ಗವೆಂದು ಪಾತಿ ತುಂಬಿದವರು ಎರಡು ಮೂರು ವರ್ಷಗಳಲ್ಲಿ ಮತ್ತೆ ಬಿತ್ತಬೇಕಾದೀತು!

ಬೆಲ್ಲಡೋನಾ ಗುಂಪು ಸುಮಾರು 1 ಮೀಟರ್. ಕವಲೊಡೆದ, ಸಡಿಲವಾದ ಗೊಂಚಲು. ಗಾಳಿ ಬೀಸುವ ಜಾಗಕ್ಕೆ ನನ್ನ ಮತ ಇದಕ್ಕೇ. ಪಾತಿಯ ಅಂಚಿಗೆ ಗಿಡ್ಡನೆಯ ಗ್ರ್ಯಾಂಡಿಫ್ಲೋರಂ ಸಾಕು.

ಸೆಕೆ ಇವಕ್ಕೆ ಒಗ್ಗದು. ನಮ್ಮ ಬಯಲುನಾಡಿನಲ್ಲಿ ಆಸೆಪಟ್ಟವರು ಹತ್ತಿರದ ಸಂಬಂಧಿಯಾದ ಲಾರ್ಕ್‌ಸ್ಪರ್ ಬೀಜವನ್ನು ಚಳಿಗಾಲದ ಹೂವಿಗಾಗಿ ಬಿತ್ತಬಹುದು. ಅದು ಒಂದೇ ಋತುವಿನ ಗಿಡ. ಎಚ್ಚರ: ಈ ಎರಡು ಗಿಡಗಳ ಎಲೆ, ಬೀಜ ಎಲ್ಲವೂ ವಿಷ. ಚಿಕ್ಕ ಮಕ್ಕಳ, ದನಕರುಗಳ ಬಾಯಿಗೆ ಸಿಗದಂತೆ ಬೆಳೆಸಿ.